ಆಟಕ್ಕೆ ಕಳಿಸಿದ ಊರು

ಆಗಸ್ಟ್ ತಿಂಗಳು ಬಂತೆಂದರೆ ಕಡೂರು ಸೀಮೆಯ ಶಾಲೆಗಳಲ್ಲಿ ಪಾಠ ಹಿಂದೆ ಬೀಳುತ್ತಿತ್ತು, ಬಯಲು ಮುಂದೆ ಬರುತ್ತಿತ್ತು. ಲಿಂಗದಹಳ್ಳಿ, ಲಕ್ಕವಳ್ಳಿ ಕಡೆ ಹಿಡಿದ ಮಳೆ ಬಿಡದೆ ಸುರಿಯುತ್ತಿದ್ದರೆ, ನಮ್ಮ ಬೀರೂರು, ಯಗಟಿ, ಪಂಚನಹಳ್ಳಿ ಕಡೆ ಮೋಡ ಕವಿದು ಕವಿದು ನಾಲ್ಕು ಹನಿ ಉದುರಿಸಿ ಮುಂದಕ್ಕೆ ಹೋಗಿಬಿಡುತ್ತಿತ್ತು. ರೈತರಿಗೆ ಅದು ಸಂಕಟ. ಆಟದ ಮಕ್ಕಳಿಗೆ ಮಾತ್ರ ಒಳ್ಳೆಯ ಹದ. ನೆಲ ತಂಪಾಗಿ, ಧೂಳು ಅಡಗಿ, ಬಿದ್ದರೂ ಮಂಡಿ ಅಷ್ಟಾಗಿ ತರಚುತ್ತಿರಲಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟ ನಡೆಯುತ್ತಿದ್ದುದು ಆ ಹದದಲ್ಲಿ.

ಹೋಬಳಿ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಈ ಮೆಟ್ಟಿಲುಗಳು ಈಗಲೂ ಇವೆ. ಕ್ರೀಡಾಜ್ಯೋತಿ ಬರುತ್ತದೆ, ಪಥಸಂಚಲನ ಆಗುತ್ತದೆ, ಮಕ್ಕಳು ಕೈ ಮುಂದೆ ಚಾಚಿ ಪ್ರತಿಜ್ಞಾವಿಧಿ ಹೇಳುತ್ತಾರೆ, ಗಣ್ಯರು ಬಂದು ಬಲೂನು ಹಾರಿಸುತ್ತಾರೆ. ಆದ್ದರಿಂದ ಏನೋ ಕಳೆದುಹೋಗುತ್ತಿದೆ ಎಂದು ನಾನು ಹೇಳಿದರೆ ಒಪ್ಪದವರೂ ಇದ್ದಾರೆ. ನಾನು ಹೇಳುತ್ತಿರುವುದು ಕೂಟದ ವಿಚಾರವನ್ನಲ್ಲ. ಕೂಟಕ್ಕೆ ಮಗುವನ್ನು ಕಳಿಸುತ್ತಿದ್ದ ರೀತಿಯ ವಿಚಾರ. ಆಡುವ ಮಗುವನ್ನು ಹೆತ್ತವರ ಜೊತೆಗೆ ಇಡೀ ಊರು ಸಾಕುತ್ತಿತ್ತು. ಆ ಸಾಕುವಿಕೆ ನಮ್ಮ ಕಣ್ಣೆದುರಿಗೇ ಕರಗುತ್ತಿದೆ, ಕರಗುತ್ತಿರುವುದು ಯಾರಿಗೂ ದೊಡ್ಡ ಸುದ್ದಿಯಾಗಿಲ್ಲ.

ನಾನು ಎಂಬತ್ತರ ದಶಕದಲ್ಲಿ ಬೀರೂರು ಸಮೀಪದ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಖೋ ಖೋ ಆಡಿದವಳು. ಹುಡುಗಿಯರ ತಂಡ ಕಟ್ಟುವುದೆಂದರೆ ಆಗ ಮೊದಲ ಆಟ ನಡೆಯುತ್ತಿದ್ದುದು ಮನೆಮನೆಯ ಜಗಲಿಯ ಮೇಲೆ. ನಮ್ಮ ಪಿ.ಟಿ. ಮೇಷ್ಟ್ರು ಸೈಕಲ್ ತುಳಿದುಕೊಂಡು ಸಂಜೆ ಹೊತ್ತು ಒಂದೊಂದೇ ಮನೆಗೆ ಬರುತ್ತಿದ್ದರು. ಬಂದವರು ನೇರ ವಿಷಯಕ್ಕೆ ಕೈಹಾಕುತ್ತಿರಲಿಲ್ಲ. ಕೊಟ್ಟಿಗೆಯ ಎಮ್ಮೆ ಕರು ಹಾಕಿತೇ, ತೆಂಗಿಗೆ ರೋಗ ಹೇಗಿದೆ, ಮದಗದ ಕೆರೆಗೆ ನೀರು ಬಂತೇ ಎಂದೆಲ್ಲ ವಿಚಾರಿಸಿ, ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟ ಮೇಲೆ ಮಾತು ತೆಗೆಯುತ್ತಿದ್ದರು.

"ಈರುಳ್ಳಿ ಹೊಲದಾಗೆ ಕಳೆ ಎದೆಮಟ ಬಂದೈತೆ ಮೇಷ್ಟ್ರೇ. ಈಗ ಇವಳನ್ನ ಕಳಿಸಿದ್ರೆ ನನ್ ಜೊತೆ ಸಾಲು ಹಿಡಿಯೋರು ಯಾರು?" ಎಂದು ಅವ್ವ ಕೇಳುತ್ತಿದ್ದಳು.

"ಎರಡು ದಿನ ಬಿಟ್ಟುಕೊಡ್ರವ್ವ. ನಿಮ್ಮ ಮಗಳು ಕಂಬದ ಹತ್ರ ತಿರುಗೋದು ನೋಡಿದ್ರೆ ನೀವೇ ಕಳಿಸ್ತೀರಿ."

"ನೋಡಾಕೆ ನಂಗೆಲ್ಲಿ ಪುರುಸೊತ್ತು? ರಾತ್ರಿ ಎಲ್ಲಿ ಮಲಗ್ತವೆ ಹೆಣ್ಣುಮಕ್ಕಳು, ಅದು ಹೇಳ್ರಿ."

"ಶಾಲೆ ಕೊಠಡೀಲಿ. ಮೇಡಂ ಜೊತೇಲೇ ಇರ್ತಾರೆ. ನನ್ನ ಮಗಳೂ ಬರ್ತಾಳೆ."

ಆ ಕೊನೆಯ ಮಾತಿನಲ್ಲಿ ತೀರ್ಮಾನ ಆಗುತ್ತಿತ್ತು. ಮೇಷ್ಟ್ರ ಮಗಳು ನಿಜಕ್ಕೂ ಬರುತ್ತಿದ್ದಳು. ಅವಳಿಗೆ ಆಟ ಅಷ್ಟಾಗಿ ಬರುತ್ತಿರಲಿಲ್ಲ, ನೀರಿನ ಕೊಡ ನೋಡಿಕೊಳ್ಳುತ್ತಿದ್ದಳು. ತನ್ನ ಮಗಳನ್ನು ಜೊತೆಗೆ ಕರೆದೊಯ್ಯುವ ಮೇಷ್ಟ್ರ ಕೈಗೆ ನಮ್ಮ ಅವ್ವಂದಿರು ತಮ್ಮ ಮಕ್ಕಳನ್ನು ಒಪ್ಪಿಸುತ್ತಿದ್ದರು. ಒಪ್ಪಿಗೆ ಪತ್ರ, ಸಹಿ, ಫೋನ್ ನಂಬರು ಯಾವುದೂ ಇರಲಿಲ್ಲ.

ಅವ್ವ ನನ್ನ ಆಟವನ್ನು ಒಮ್ಮೆಯೂ ನೋಡಲಿಲ್ಲ. ಅಪ್ಪನೂ ನೋಡಲಿಲ್ಲ. ಈಗಿನ ತಂದೆತಾಯಿಗೆ ಇದನ್ನು ಹೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ. ಪಾಪ ಎನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕೂಲಿಗೆ ಆಳು ಸಿಗದ ಕಾಲದಲ್ಲಿ ಒಂದು ಜೊತೆ ಕೈ ಕಡಿಮೆ ಮಾಡಿಕೊಂಡು, ನನ್ನ ಪಾಲಿನ ಸಾಲನ್ನೂ ತಾನೇ ಹಿಡಿದು ಬಗ್ಗಿ ಕಳೆ ಕಿತ್ತವಳು ಅವಳು. ನನ್ನ ಆಟಕ್ಕೆ ಅವಳು ಕೊಟ್ಟ ಬೆಲೆ ಆ ಹೊಲದಲ್ಲಿ ಇತ್ತು. ಬುತ್ತಿ ಕಟ್ಟಿಕೊಡುತ್ತಿದ್ದಳು: ರಾಗಿ ರೊಟ್ಟಿ, ಹುಚ್ಚೆಳ್ಳು ಪುಡಿ, ಬಾಳೆ ಎಲೆಯಲ್ಲಿ ಸುತ್ತಿದ ಬೆಲ್ಲ. ಜಿಲ್ಲಾ ಮಟ್ಟದಲ್ಲಿ ಅಜ್ಜಂಪುರದ ಕಡೆಯ ಹುಡುಗಿಯರು ಸಿಕ್ಕರೆ ಅವರ ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇರುತ್ತಿತ್ತು. ಮಧ್ಯಾಹ್ನ ಅವರ ವಿರುದ್ಧ ಓಡಿ, ರಾತ್ರಿ ಅವರ ರೊಟ್ಟಿ ತಿಂದು, ಒಂದೇ ಕೊಠಡಿಯಲ್ಲಿ ಜಮಖಾನ ಹಾಸಿ ಮಲಗುತ್ತಿದ್ದೆವು. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿತ್ತು, ಈಗ ಅದೇ ಒಂದು ತಾಲ್ಲೂಕು.

ಜೆರ್ಸಿಗಳ ವಿಷಯವನ್ನು ಹೇಳಲೇಬೇಕು. ಶಾಲೆಗೆ ಒಂದೇ ಸೆಟ್ ಇತ್ತು. ಹನ್ನೆರಡು ಜೆರ್ಸಿ, ಕಡುನೀಲಿ ಬಣ್ಣ, ಬೆನ್ನ ಮೇಲೆ ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ನಂಬರು. ಹೊಲಿದವರು ಊರಿನ ದರ್ಜಿ, ಕೂಲಿ ತೆಗೆದುಕೊಂಡಿರಲಿಲ್ಲ. ಆ ಸೆಟ್ಟನ್ನು ಹುಡುಗರು ಕಬಡ್ಡಿಗೆ ಹಾಕುತ್ತಿದ್ದರು, ನಾವು ಖೋ ಖೋಗೆ ಹಾಕುತ್ತಿದ್ದೆವು. ಕೂಟ ಮುಗಿದ ಮೇಲೆ ಒಗೆಯುವ ಸರದಿ ಮನೆಯಿಂದ ಮನೆಗೆ ಹೋಗುತ್ತಿತ್ತು. ನಮ್ಮ ಮನೆಯ ಸರದಿ ಬಂದ ದಿನ ಅವ್ವ ಹನ್ನೆರಡನ್ನೂ ಬಾವಿಕಟ್ಟೆಯ ಬಳಿ ಕುಕ್ಕಿ ಒಗೆದು, ಮನೆ ಮುಂದಿನ ಹಗ್ಗದ ಮೇಲೆ ಸಾಲಾಗಿ ಹರವುತ್ತಿದ್ದಳು. ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು: "ತಾಲ್ಲೂಕಿಗೆ ಹೋಗ್ತಾವೇನವ್ವ ಮಕ್ಕಳು?" ಅವ್ವ ತಲೆ ಎತ್ತದೆ, "ಹೂಂ ಕಣಣ್ಣ, ಹೋಗ್ತಾವೆ" ಎನ್ನುತ್ತಿದ್ದಳು. ಆ ದನಿಯಲ್ಲಿದ್ದ ಹೆಮ್ಮೆ ನನ್ನೊಬ್ಬಳದಾಗಿರಲಿಲ್ಲ, ಹಗ್ಗದ ಮೇಲಿದ್ದ ಹನ್ನೆರಡರದ್ದೂ ಆಗಿತ್ತು. ಪರರ ಮಕ್ಕಳ ಬೆವರನ್ನು ತೊಳೆದ ಆ ಕೈಗಳಿಗೆ ಯಾವ ಕ್ರೀಡಾಕೂಟದಲ್ಲೂ ಸನ್ಮಾನ ಆಗಲಿಲ್ಲ.

ಇನ್ನೊಬ್ಬ ಅಪ್ಪನ ನೆನಪಿದೆ, ನನ್ನ ತಂಡದ ಹುಡುಗಿಯೊಬ್ಬಳ ತಂದೆ, ಬಡಗಿ. ಖೋ ಖೋ ಕಂಬ ನಾಲ್ಕಡಿ ಎತ್ತರ ನಿಲ್ಲಬೇಕು, ನುಣ್ಣಗಿರಬೇಕು. ಓಡುತ್ತ ಬಂದು ಒಂದು ಕೈಯಲ್ಲಿ ಕಂಬ ಹಿಡಿದು ಮೈಯನ್ನು ಬೀಸಿ ತಿರುಗಿಸುವಾಗ ಒಂದು ಸಿಬರು ಇದ್ದರೂ ಅಂಗೈ ಸೀಳುತ್ತದೆ. ಆತ ಸರ್ವೆ ಮರದ ಎರಡು ಕಂಬ ತಂದು, ಒಡೆದ ಸೀಸೆಯ ಗಾಜಿನ ಚೂರಿನಿಂದ ದಿನಗಟ್ಟಲೆ ಕೆರೆದ. ಕೆರೆದು, ಕಣ್ಣು ಮುಚ್ಚಿ ಅಂಗೈಯನ್ನು ಮೇಲಿಂದ ಕೆಳಗೆ ಎಳೆದು ನೋಡುವುದು, ಎಲ್ಲಿ ತಡೆಯಿತೋ ಅಲ್ಲಿ ಮತ್ತೆ ಕೆರೆಯುವುದು. ಕೊನೆಗೆ ಹೊಂಗೆ ಎಣ್ಣೆ ಸವರಿ ಒರೆಸಿ ಶಾಲೆಗೆ ತಂದು ನೆಟ್ಟು ಹೋದ. ಅವನೂ ಪಂದ್ಯ ನೋಡಲು ಬರಲಿಲ್ಲ. ಮಗಳ ಕೈಗೆ, ಮಗಳ ಜೊತೆಯವರ ಕೈಗೆ, ಎದುರು ತಂಡದವರ ಕೈಗೂ ಸಿಬರು ತಾಗಬಾರದು ಎಂಬುದಷ್ಟೇ ಅವನ ಕಾಳಜಿ. ನಾವು ಶಾಲೆ ಬಿಟ್ಟು ಹೋದ ಮೇಲೂ ಆ ಕಂಬಗಳು ಬಹುಕಾಲ ಅಲ್ಲಿದ್ದವು.

ಕೂಟ ನಡೆಸುವ ಊರಿಗೆ ಅದೊಂದು ಜಾತ್ರೆಯೇ. ಹಿಂದಿನ ದಿನ ಯುವಕರು ಬಯಲಿನ ಪಾರ್ಥೇನಿಯಂ ಕಿತ್ತು, ಕಲ್ಲು ಆರಿಸಿ, ಹಗ್ಗ ಹಿಡಿದು ಸುಣ್ಣದ ಗೆರೆ ಎಳೆಯುತ್ತಿದ್ದರು. ಅಡುಗೆಗೆ ಊರಿನವರೇ ನಿಲ್ಲುತ್ತಿದ್ದರು. ಮೈಕಿನಲ್ಲಿ ದಾನಿಗಳ ಪಟ್ಟಿ ಓದುತ್ತಿದ್ದರು: ಇಂಥವರ ಮನೆಯಿಂದ ಐವತ್ತು ತೆಂಗಿನಕಾಯಿ, ಇಂಥವರಿಂದ ಅರ್ಧ ಚೀಲ ಅಕ್ಕಿ, ಇನ್ನೊಬ್ಬರಿಂದ ಎರಡು ಅಚ್ಚು ಬೆಲ್ಲ, ಮತ್ತೊಬ್ಬರಿಂದ ಸೌದೆ ಒಂದು ಗಾಡಿ. ಅದರ ನಡುವೆಯೇ "ನೂರು ಮೀಟರ್ ಓಟದ ಬಾಲಕಿಯರು ಕೂಡಲೇ ಟ್ರ್ಯಾಕ್ ಬಳಿ ಬರಬೇಕು" ಎಂಬ ಕೂಗು. ತನಗೆ ಮಕ್ಕಳೇ ಇಲ್ಲದ ಮುದುಕಿಯೊಬ್ಬಳು ಸೆರಗಿನಲ್ಲಿ ಆರು ನಿಂಬೆಹಣ್ಣು ಕಟ್ಟಿಕೊಂಡು ಬಂದು ಕೊಟ್ಟಳು. ಮೈಕಿನಲ್ಲಿ ಅದನ್ನೂ ಓದಿದರು.

ಬಾಸೂರು ಕಾವಲಿನ ಸುತ್ತಮುತ್ತಲ ಹಳ್ಳಿಗಳ ಹುಡುಗರು ಬಂದರೆ ಓಟದಲ್ಲಿ ನಮ್ಮವರಿಗೆ ಗೆಲುವು ಕಷ್ಟ ಎಂದು ಮೇಷ್ಟ್ರು ಮೊದಲೇ ಹೇಳಿಬಿಡುತ್ತಿದ್ದರು. ಅಮೃತಮಹಲ್ ದನಗಳಿಗೆಂದು ಹಿಂದಿನಿಂದ ಬಿಟ್ಟಿದ್ದ ಆ ಹುಲ್ಲುಗಾವಲಿನಲ್ಲಿ ದನ ಮೇಯಿಸುತ್ತ, ಕೃಷ್ಣಮೃಗಗಳ ಹಿಂಡು ನೋಡುತ್ತ ಬೆಳೆದ ಹುಡುಗರು ಅವರು. ಬರಿಗಾಲಿನಲ್ಲೇ ಓಡುತ್ತಿದ್ದರು. ಆ ಕಾವಲನ್ನು ಸರ್ಕಾರ 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಒಳ್ಳೆಯದೇ ಆಯಿತು, ಒಂದು ಬಯಲಾದರೂ ಉಳಿಯಿತು. ಮಕ್ಕಳ ಬಯಲಿಗೆ ಅಂಥ ಕಾವಲುಗಾರರು ಸಿಗಲಿಲ್ಲ.

ಗೆದ್ದರೆ ಜಿಲ್ಲಾ ಮಟ್ಟಕ್ಕೆ ಚಿಕ್ಕಮಗಳೂರಿಗೆ. ಆಗ ಕಡೂರಿನಿಂದ ಅಲ್ಲಿಗೆ ರೈಲಿರಲಿಲ್ಲ, ಅದು ಬಂದದ್ದು 2013ರಲ್ಲಿ. ಸಖರಾಯಪಟ್ಟಣದ ಮೇಲೆ ಹಾಯುವ ಬಸ್ಸಿನಲ್ಲಿ ನಾವು ಹನ್ನೆರಡು ಜನ, ಮೇಡಂ, ಮೇಷ್ಟ್ರು ಮತ್ತು ಮೇಷ್ಟ್ರ ಮಗಳು. ಟಿಕೆಟ್ಟಿಗೆ ಶಾಲೆಯ ಹಣ ಸಾಲದಿದ್ದರೆ ಬೀರೂರಿನ ಅಡಿಕೆ, ತೆಂಗಿನಕಾಯಿ ಮಂಡಿಯವರ ಹತ್ತಿರ ಮೇಷ್ಟ್ರು ಹೋಗಿ ನಿಲ್ಲುತ್ತಿದ್ದರು. ಕೈಗೆ ಬಂದಷ್ಟು ಕೊಡುತ್ತಿದ್ದರು. ರಸೀದಿ ಕೇಳಿದವರನ್ನು ನಾನು ಕಾಣೆ.

ಸೋತು ಬಂದರೆ? ನಮ್ಮ ಬಸ್ಸು ರಾತ್ರಿ ಊರ ಬಾಗಿಲಿಗೆ ಬರುವ ಹೊತ್ತಿಗೆ ಲಾಟೀನು, ಬ್ಯಾಟರಿ ಹಿಡಿದು ನಾಲ್ಕಾರು ಜನ ಕಾಯುತ್ತಿದ್ದರು. ಹೇಗಾಯಿತು ಎಂದು ಒಂದು ಮಾತು ಕೇಳುವರು, ಹೇಳಿದ ಮೇಲೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಮನೆಗೆ ಹೋದರೆ ಬಿಸಿನೀರು ಕಾದಿರುತ್ತಿತ್ತು. ತರಚಿದ ಮಂಡಿಗೆ ಅವ್ವ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟುತ್ತಿದ್ದಳು. ಬೆಳಿಗ್ಗೆ ಎದ್ದು ಈರುಳ್ಳಿ ಹೊಲ. ಸೋಲನ್ನು ಮನೆಯೊಳಗೆ ತಂದು ಒಲೆಯ ಮುಂದೆ ಇಟ್ಟುಕೊಂಡು ಕೂರುವ ಪದ್ಧತಿ ಇರಲಿಲ್ಲ. ನಮ್ಮ ಆಟ ನಮ್ಮದಾಗಿಯೇ ಉಳಿಯುತ್ತಿತ್ತು. ಅದಕ್ಕೇ ಇರಬೇಕು, ನಾವು ಮರುದಿನ ಮತ್ತೆ ಆಡುತ್ತಿದ್ದೆವು.

ಆ ಕಾಲದಲ್ಲಿ ಎಲ್ಲವೂ ನೆಟ್ಟಗಿತ್ತೆಂದು ನಾನು ಹೇಳಲಾರೆ. ಎಷ್ಟೋ ಹುಡುಗಿಯರ ಆಟ ಏಳನೇ ಕ್ಲಾಸಿಗೇ ನಿಂತುಹೋಯಿತು. ದೊಡ್ಡವಳಾದಳು ಎಂದು ಮನೆಯಲ್ಲಿ ಕೂರಿಸಿದರು. ನಮ್ಮ ತಂಡದ ಅತ್ಯಂತ ಚುರುಕಾದ ಹುಡುಗಿ, ಗಾಳಿಯಂತೆ ನುಸುಳುತ್ತಿದ್ದವಳು, ಹತ್ತನೇ ಕ್ಲಾಸು ಮುಗಿಯುವ ಮೊದಲೇ ಮದುವೆಯಾಗಿ ಹೋದಳು. ಕೇರಿಯ ಮಕ್ಕಳನ್ನು ತಂಡಕ್ಕೆ ಸೇರಿಸಿಕೊಳ್ಳಲು ಮುಖ ಸಿಂಡರಿಸಿದ ಮನೆಗಳೂ ಇದ್ದವು. ಮೇಷ್ಟ್ರು ಅಂಥವರ ಮಾತಿಗೆ ಕಿವಿಗೊಡಲಿಲ್ಲ, ಅದು ಅವರ ದೊಡ್ಡತನ. ಎಲ್ಲ ಮೇಷ್ಟ್ರಿಗೂ ಆ ಧೈರ್ಯ ಇರಲಿಲ್ಲ. ಪ್ರತಿಭೆ ಇದ್ದು ದಾರಿ ಸಿಗದ ಮಕ್ಕಳು ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಎಷ್ಟು ಮಂದಿಯೋ.

ದಾರಿ ಸಿಕ್ಕ ಒಬ್ಬಳ ಹೆಸರು ಕಡೂರಿನಲ್ಲಿ ಯಾರಿಗೆ ಕೇಳಿದರೂ ಹೇಳುತ್ತಾರೆ. ವೇದಾ ಕೃಷ್ಣಮೂರ್ತಿ. 1992ರ ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗಿ, ಕಡೂರಿನ ಬೀದಿಗಳಲ್ಲಿ ಹುಡುಗರ ಜೊತೆ ಕ್ರಿಕೆಟ್ ಆಡುತ್ತ ಬೆಳೆದವಳು. ಕ್ರಿಕೆಟ್ಟಿನ ಜೊತೆಗೆ ಕರಾಟೆಯನ್ನೂ ಕಲಿತಿದ್ದಳು. 2005ರಲ್ಲಿ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ಗೆ ಹೋದಾಗ ಅಲ್ಲಿನ ಕೋಚ್ ಇರ್ಫಾನ್ ಸೇಟ್ ಅವರು ಈ ಹುಡುಗಿಯಲ್ಲಿ ದೇಶಕ್ಕೆ ಆಡುವ ಕಸುವು ಕಂಡರು, ಆದರೆ ಅದಕ್ಕೆ ಬೆಂಗಳೂರಿಗೇ ಬಂದಿರಬೇಕು ಎಂದರು. ಹೆತ್ತವರು ಒಪ್ಪಿದರು. ಈ ಒಂದು ವಾಕ್ಯವನ್ನು ಓದುಗರು ಬೇಗ ದಾಟಿ ಹೋಗಬಾರದು. ಮಹಿಳಾ ಕ್ರಿಕೆಟ್ ಇನ್ನೂ ಭಾರತೀಯ ಕ್ರಿಕೆಟ್ ಮಂಡಳಿಯ ಆಡಳಿತಕ್ಕೆ ಬಂದಿರದ ವರ್ಷ ಅದು. ಅದರಿಂದ ಹೆಣ್ಣುಮಗಳು ದುಡಿಯುತ್ತಾಳೆ ಎಂದು ಯಾರೂ ನಂಬುತ್ತಿರಲಿಲ್ಲ. ಹದಿಮೂರರ ಆಸುಪಾಸಿನ ಕಿರಿಮಗಳನ್ನು ಬೆಂಗಳೂರಿನ ಆಟಕ್ಕೆ ಕಳಿಸುವುದು ಕಡೂರಿನ ಒಂದು ಸಾಧಾರಣ ಮನೆಗೆ ಸಣ್ಣ ನಿರ್ಧಾರವಲ್ಲ.

2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ಆಕೆ ಭಾರತಕ್ಕೆ ಮೊದಲ ಏಕದಿನ ಪಂದ್ಯ ಆಡಿ ಅರ್ಧ ಶತಕ ಹೊಡೆದರು. 2017ರ ವಿಶ್ವಕಪ್‌ನಲ್ಲಿ ಅದೇ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್. ಲಾರ್ಡ್ಸ್‌ನ ಫೈನಲ್ ಅನ್ನು ಕಡೂರಿನಲ್ಲಿ ನಾವೆಲ್ಲ ಟಿ.ವಿ. ಮುಂದೆ ಕೂತು ನೋಡಿದೆವು. ಆಕೆ 35 ರನ್ ಗಳಿಸಿ ಔಟಾದಾಗ ಬೀದಿಯೇ ನಿಟ್ಟುಸಿರಿಟ್ಟಿತು. ಭಾರತ 9 ರನ್‌ಗಳಿಂದ ಸೋತಿತು. 2021ರ ಕೊರೋನಾ ಎರಡನೇ ಅಲೆಯಲ್ಲಿ ಆಕೆಯ ತಾಯಿಯೂ ಅಕ್ಕನೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡಾಗ ಕಡೂರಿನವರಿಗೆ ಅದು ತಮ್ಮ ಮನೆಯ ಸಾವೇ ಆಗಿತ್ತು. 2025ರಲ್ಲಿ ಆಕೆ ಆಟಕ್ಕೆ ವಿದಾಯ ಹೇಳಿದರು. ಅದೇ ವರ್ಷದ ನವೆಂಬರ್‌ನಲ್ಲಿ ಭಾರತದ ಹುಡುಗಿಯರು ವಿಶ್ವಕಪ್ ಎತ್ತಿದರು.

ಆ ತಂದೆತಾಯಿಯ ಬಗ್ಗೆ ನನಗೆ ಅಪಾರ ಗೌರವ. ಜೊತೆಗೇ ಒಂದು ಸಂಕಟ. ನಮ್ಮೂರಿನ ಮಗು ಮೇಲೆ ಬರಬೇಕಾದರೆ ನಮ್ಮೂರನ್ನು ಬಿಡಬೇಕಾಯಿತು. ಆಮೇಲೆ ಬಂದ ಹೆತ್ತವರು ಅದರಿಂದ ಕಲಿತ ಪಾಠ ಊರು ಬಿಡುವುದು ಮಾತ್ರ. ಆ ಹುಡುಗಿಗೆ ಮೊದಲ ಬ್ಯಾಟು ಹಿಡಿಸಿದ್ದು ಕಡೂರಿನ ಬೀದಿ, ತಮ್ಮ ನಡುವೆ ಜಾಗ ಕೊಟ್ಟವರು ಆ ಬೀದಿಯ ಹುಡುಗರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇವತ್ತು ಆ ಬೀದಿಗಳಲ್ಲಿ ಬೈಕು, ಕಾರು ನಿಂತಿವೆ. ಮಗುವಿನ ಆಟ ಈಗ ಫೀಸು ಕಟ್ಟಿದ ಕಡೆ, ಗಂಟೆ ಲೆಕ್ಕದಲ್ಲಿ.

ಈಗಿನ ಅಪ್ಪ ಅಮ್ಮಂದಿರನ್ನು ನಾನು ದೂರುವುದಿಲ್ಲ. ನನ್ನ ಮಗಳು ಥ್ರೋಬಾಲ್ ಆಡುತ್ತಿದ್ದಾಗ ನಾನೂ ಗೆರೆಯ ಪಕ್ಕದಲ್ಲಿ ನಿಂತವಳೇ. ಮಕ್ಕಳಿಗಾಗಿ ಇವರು ಪಡುವ ಕಷ್ಟ ದೊಡ್ಡದು. ಬೆಳಗಿನ ಜಾವ ಎದ್ದು ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬೀರೂರು, ತರೀಕೆರೆ ದಾಟಿ ಶಿವಮೊಗ್ಗದ ನವುಲೆ ಮೈದಾನಕ್ಕೆ ಆಯ್ಕೆ ಪಂದ್ಯಕ್ಕೆ ಕರೆದೊಯ್ಯುವ ಅಪ್ಪಂದಿರು ನನಗೆ ಗೊತ್ತು. ಶೂ, ಪ್ಯಾಡು, ಬ್ಯಾಟು ಎಂದು ಒಂದು ಬೆಳೆಯ ದುಡ್ಡು ಸುರಿದವರು ಗೊತ್ತು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಕಬಡ್ಡಿ ಹುಡುಗರ ಮನೆಯಲ್ಲೂ ಆಸೆ ಚಿಗುರಿತು, ಅದು ತಪ್ಪಲ್ಲ. ಆದರೆ ಮೈದಾನದ ಅಂಚಿನಲ್ಲಿ ನಿಂತು ನೋಡಿದರೆ ಎದೆ ಕಲಕುತ್ತದೆ. ಪ್ರತಿಯೊಬ್ಬರ ಕೈಯಲ್ಲಿ ಫೋನು, ಪ್ರತಿ ಫೋನು ಒಂದೇ ಮಗುವಿನ ಮೇಲೆ. ಮಗು ಎಡವಿದರೆ ಕಣ್ಣು ಮೊದಲು ಹೋಗುವುದು ಅಪ್ಪನ ಮುಖದ ಕಡೆಗೆ. ವಾಪಸು ಬರುವ ದಾರಿಯುದ್ದಕ್ಕೂ ಯಾವ ಚೆಂಡು ಬಿಟ್ಟೆ, ಯಾಕೆ ಬಿಟ್ಟೆ ಎಂಬ ವಿಚಾರಣೆ. ಪಕ್ಕದ ಮನೆಯ ಮಗುವಿನ ಜೆರ್ಸಿಯನ್ನು ಯಾರೂ ಒಗೆಯುವುದಿಲ್ಲ. ಒಗೆಯಬೇಕಾದ ಸಂದರ್ಭವೇ ಬರುವುದಿಲ್ಲ, ಪ್ರತಿ ಮಗುವಿಗೂ ತನ್ನ ತನ್ನ ಹೆಸರು ಬರೆದ ಜೆರ್ಸಿ ಇದೆ.

ನಾರ್ವೆ ಎಂಬ ದೇಶದಲ್ಲಿ ಮಕ್ಕಳ ಕ್ರೀಡೆಗೆಂದೇ ನಿಯಮಗಳಿವೆ, 1987ರಿಂದ. ಮಗು ಹನ್ನೊಂದನೇ ವಯಸ್ಸಿಗೆ ಬರುವ ತನಕ ಅಂಕಪಟ್ಟಿ, ಶ್ರೇಯಾಂಕ ಹಾಕುವಂತಿಲ್ಲ, ಹದಿಮೂರರ ತನಕ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಇಳಿಸುವಂತಿಲ್ಲ. ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲದ ಆ ದೇಶ 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. ಅವರು ನಿಯಮ ಬರೆದು ಕಾಪಾಡಿಕೊಂಡದ್ದು ನಮ್ಮಲ್ಲಿ ಬರೆಯದೆಯೇ ಇತ್ತು. ಮಗುವಿನ ಆಟಕ್ಕೆ ಮನೆಯವರು ಕೈಹಾಕುತ್ತಿರಲಿಲ್ಲ.

ಅದು ಕರಗಿದ್ದಕ್ಕೆ ಕಾರಣ ಹೆತ್ತವರ ಆಸೆಯೊಂದೇ ಅಲ್ಲ. ಕಳಿಸೋಣವೆಂದರೆ ಎಲ್ಲಿಗೆ ಕಳಿಸುವುದು? ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಹನ್ನೆರಡು ಹುಡುಗಿಯರ ತಂಡ ಕಟ್ಟಲು ಮಕ್ಕಳೇ ಇಲ್ಲ, ವ್ಯಾನು ಬಂದು ಪೇಟೆಯ ಶಾಲೆಗೆ ಹೊತ್ತೊಯ್ಯುತ್ತದೆ. ಪೇಟೆಯ ಎಷ್ಟೋ ಶಾಲೆಗಳಿಗೆ ಮೂರು ಮಹಡಿ ಇದೆ, ಬಯಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ಹೇಳುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಆರನೇ ಕ್ಲಾಸಿನಿಂದ ಮೇಲಕ್ಕೆ, ಮಕ್ಕಳು ನೂರಕ್ಕಿಂತ ಹೆಚ್ಚಿದ್ದಲ್ಲಿ, ಅದೂ ಅರೆಕಾಲಿಕ ಬೋಧಕರನ್ನಷ್ಟೇ ಕೇಳುತ್ತದೆ. ನಮ್ಮ ಬಯಲುಸೀಮೆಯ ಎಷ್ಟು ಹಳ್ಳಿ ಶಾಲೆಗಳಲ್ಲಿ ನೂರು ಮಕ್ಕಳು ಉಳಿದಿದ್ದಾರೆ? ಮೇಷ್ಟ್ರು ನಿವೃತ್ತರಾದರೆ ಕುರ್ಚಿ ಖಾಲಿ. ಇರುವ ದೈಹಿಕ ಶಿಕ್ಷಕರು ತಮ್ಮ ವೃತ್ತಿಯ ಕುರಿತ ವೈದ್ಯನಾಥನ್ ವರದಿ ಜಾರಿ ಮಾಡಿ, ನಮ್ಮನ್ನೂ ಶಿಕ್ಷಕರೆಂದು ಕಾಣಿ ಎಂದು ವರ್ಷಗಳಿಂದ ಬೀದಿಗಿಳಿದು ಕೇಳುತ್ತಿದ್ದಾರೆ.

ಬಯಲಿನ ಕಥೆಯೂ ಅಷ್ಟೇ. ನಾನು ಓಡಿದ ಅಂಗಳದಲ್ಲಿ ಮೊದಲು ಒಂದು ನೀರಿನ ಟ್ಯಾಂಕು ಬಂತು. ಆಮೇಲೆ ಎರಡು ಕೊಠಡಿ, ಒಂದು ಅಂಗನವಾಡಿ, ಒಂದು ಶೌಚಾಲಯ. ಒಂದೊಂದೂ ಬೇಕಾದದ್ದೇ, ಒಂದಕ್ಕೂ ಬೇಡವೆನ್ನಲು ಬರುವುದಿಲ್ಲ. ಎಲ್ಲ ಸೇರಿ ಖೋ ಖೋ ಅಂಕಣದ ಜಾಗ ಹೋಯಿತು. 27 ಮೀಟರ್ ಉದ್ದ, 16 ಮೀಟರ್ ಅಗಲ, ಅಷ್ಟೇ ಬೇಕಾಗಿದ್ದುದು. ಊರ ಸುತ್ತಲ ಕಣಗಳು, ಗೋಮಾಳದ ತುಂಡುಗಳು ಸೈಟುಗಳಾದವು. ಕಡೂರು, ಬೀರೂರು, ತರೀಕೆರೆ ಮೇಲೆ ಹಾಯುವ ಹೆದ್ದಾರಿ ನಾಲ್ಕು ಪಥವಾಯಿತು, ಅದರ ಇಕ್ಕೆಲದ ಹೊಲಗಳಿಗೆ ಲೇಔಟಿನ ಕಲ್ಲು ಬಿತ್ತು.

ಕೊರೋನಾ ಬಂದು ಶಾಲೆಗಳು ಮುಚ್ಚಿದ ಕಾಲದಲ್ಲಿ ಕೂಟವೂ ನಿಂತಿತು. ಆ ನಡುವೆ ಏಳನೆಯಲ್ಲಿದ್ದ ಮಗು ಒಂಬತ್ತಕ್ಕೆ ಹೋಯಿತು. ಕಲಿಸುವ ಅಕ್ಕಂದಿರಿಂದ ಕಲಿಯುವ ತಂಗಿಯರಿಗೆ ಆಟ ದಾಟುವ ಸರಣಿ ಹಲವು ಶಾಲೆಗಳಲ್ಲಿ ಅಲ್ಲಿಗೇ ಕಡಿಯಿತು. ಕೂತವರಿಗೆ ಹೇಗೆ ಖೋ ಕೊಡಬೇಕು, ಕಂಬದ ಹತ್ತಿರ ಹೆಜ್ಜೆ ಹೇಗೆ ಮುರಿಯಬೇಕು ಎಂಬುದೆಲ್ಲ ಪುಸ್ತಕದಿಂದ ಬರುವುದಿಲ್ಲ. ಮೇಲಿನ ಕ್ಲಾಸಿನ ಹುಡುಗಿ ತೋಳು ಹಿಡಿದು ತಿರುಗಿಸಿ ತೋರಿಸಬೇಕು.

ಇದೆಲ್ಲ ಆಗಲೇಬೇಕಾದದ್ದು, ಕಾಲ ಬದಲಾಯಿತು ಎನ್ನುವವರಿಗೆ ನಾನು ಕುರುಬೂರನ್ನು ತೋರಿಸುತ್ತೇನೆ. ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಹಳ್ಳಿ ಅದು. ಅಲ್ಲಿನ ಹುಡುಗಿ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಆಡಿದಳು. ಸೈಕಲ್ ಮೇಷ್ಟ್ರು ಮಜ್ಜಿಗೆ ಕುಡಿದು ಬೇಡಿ ತಂದು ಕಟ್ಟಿದ ನಮ್ಮ ತಂಡಗಳು ಆಡಿದ ಅದೇ ಆಟ, ಅಂಥದೇ ಹಳ್ಳಿ. ಆ ಸುದ್ದಿ ಓದಿದ ದಿನ ಅವ್ವ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ. ಒಂದು ಊರು ಮನಸ್ಸು ಮಾಡಿ ಒಂದು ಆಟವನ್ನು ಹಿಡಿದುಕೊಂಡರೆ ಮಗು ಊರಿನಲ್ಲಿದ್ದುಕೊಂಡೇ ಬೆಳೆಯುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಓದುಗರಲ್ಲಿ ನನ್ನದೊಂದು ಕೋರಿಕೆ. ಈ ಸಲ ಹೋಬಳಿ ಕ್ರೀಡಾಕೂಟ ನಿಮ್ಮ ಸಮೀಪ ನಡೆದಾಗ ಹೋಗಿ. ನಿಮ್ಮ ಮಗು ಆಡದಿದ್ದರೂ ಹೋಗಿ. ಗೆರೆಯ ಹೊರಗೆ ನಿಂತು ಯಾರದ್ದೋ ಮಗಳ ಓಟಕ್ಕೆ ಚಪ್ಪಾಳೆ ತಟ್ಟಿ, ಅಡುಗೆಯವರಿಗೆ ನಿಮ್ಮ ತೋಟದ ನಾಲ್ಕು ಕಾಯಿ ಕೊಡಿ. ನಿಮ್ಮೂರ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರ ಹುದ್ದೆ ಖಾಲಿ ಬಿದ್ದಿದ್ದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಆ ಮಾತು ಎತ್ತಿ, ನಿರ್ಣಯ ಬರೆಸಿ, ಬಿಇಒ ಕಚೇರಿಗೆ ಮುಟ್ಟಿಸಿ. ಶಾಲೆಯ ಜಾಗ ಪಹಣಿಯಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟಿದೆ ಎಂದು ಒಮ್ಮೆ ಅಳೆಸಿ ನೋಡಿ. ಉಳಿದಷ್ಟು ಬಯಲಿಗೆ ಇನ್ನೊಂದು ಕಟ್ಟಡದ ಗುದ್ದಲಿಪೂಜೆ ಆಗದಂತೆ ನೋಡಿಕೊಳ್ಳಿ.